ನಾಲ್ಕು ಬೆರಳಿನ ಗಾಯ

ಬಂಟ್ವಾಳ
3 ಡಿಸೆಂಬರ್ 2003

ಪ್ರೀತಿಯ ಮಗಳು ಆಫ್ರಾಳಿಗೆ ಉಮ್ಮನ ಸಲಾಂ.

ಪೆರ್ನಾಲ್ ಹಬ್ಬ ಕಳೆದು ವಾರ ಆಯಿತು. ಶುಕ್ರವಾರ ನೀನು ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಸೊಂಟದ ನೆನಪಾಗಿ ಗೋಡೆ ಹಿಡಿದೆ. ಅಷ್ಟರಲ್ಲಿ ನಿನ್ನ ಬಾಪ ರಿಸೀವರ್ ಕಿತ್ತುಕೊಂಡು, ಫೋನ್ ಇಲ್ಲದಿದ್ದರೂ ಶಾರ್ಜಾಕ್ಕೆ ಕೇಳುವ ಹಾಗೆ ಬೊಬ್ಬೆ ಹೊಡೆದರು. ಐದು ನಿಮಿಷದ ಮಾತಿನಲ್ಲಿ ನಾಲ್ಕು ನಿಮಿಷ ಅವರದ್ದೇ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವಳ ಕನ್ನಡ, ತಪ್ಪಿದ್ದರೆ ನಗಬೇಡ. ನಮ್ಮ ಚಪ್ಪಲಿ ಅಂಗಡಿಯ ಎದುರು ಮನೆಯ ಇಬ್ರಾಹಿಂ ನಾಡಿದ್ದು ಅಲ್ಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸ್ತೇನೆ.

ನನ್ನ ಸೊಂಟದ ಕಥೆ ಈಗ ಪೂರ್ತಿ ಕೇಳು. ನಾಲ್ಕು ವರ್ಷ ಕೊಕ್ಕಡದ ಪಂಡಿತರ ಎಣ್ಣೆ ಉಜ್ಜಿ ಉಜ್ಜಿ ಹಾಸಿಗೆ ಜಿಡ್ಡಾಯಿತೇ ಹೊರತು ನೋವು ಹೋಗಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ತೊಡೆ ಎಲುಬಿನ ತುದಿಯಲ್ಲಿ, ಸೊಂಟದ ಗುಳಿಯೊಳಗೆ ತಿರುಗುವ ಉಂಡೆ ಉಂಟಲ್ಲ, ಅದು ಸವೆದು ಚಪ್ಪಟೆ ಆಗಿದೆಯಂತೆ. ಅದನ್ನು ಕತ್ತರಿಸಿ ತೆಗೆದು ಲೋಹದ್ದು ಕೂರಿಸಬೇಕಂತೆ. ನಾನು ಬೇಡವೇ ಬೇಡ ಅಂದೆ. ಡಾಕ್ಟರು ನಕ್ಕರು. "ಅಮ್ಮ, ಮೊದಲಿನ ಹಾಗೆ ಗೇಣುದ್ದ ಕೊಯ್ಯುವುದಿಲ್ಲ. ಈಗ ಹೊಸ ಕ್ರಮ ಬಂದಿದೆ. ನಾಲ್ಕು ಬೆರಳು ಅಗಲದಷ್ಟು ಗಾಯ, ಬೇಗ ಎದ್ದು ನಡೆಯಬಹುದು" ಅಂದರು.

ನನಗೆ ಬೇಕಾದದ್ದು ಒಂದೇ. ಜೂನಿನಲ್ಲಿ ನಿನ್ನ ಹೆರಿಗೆ. ಚೊಚ್ಚಲ ಬಾಣಂತನ ತಾಯಿಮನೆಯದ್ದು, ಅದು ನಮ್ಮ ಹಕ್ಕು. ನಿನ್ನನ್ನು ನನ್ನ ಉಮ್ಮ ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಆ ಕಾಲ ಮೇಲೆ ಮಲಗಿಸಿ ನಲ್ವತ್ತು ದಿನ ಮೀಯಿಸಿದರು. ನಿನ್ನ ಮಗುವನ್ನು ನಾನೂ ಹಾಗೆಯೇ ಮೀಯಿಸಬೇಕು. ಈಗಿನ ಸೊಂಟ ಹೊತ್ತು ಮಣೆಯಲ್ಲಿ ಕೂತರೆ ಎಬ್ಬಿಸಲು ನಾಲ್ಕು ಜನ ಬೇಕು. ಅದಕ್ಕೆ ಡಾಕ್ಟರಿಗೆ ಜನವರಿಯಲ್ಲೇ ಮಾಡಿಬಿಡಿ ಅಂದೆ. ಯಾಕೆ ಅಷ್ಟು ಅವಸರ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀನು ಭಾರ ಎತ್ತಬೇಡ. ಅಳಿಯ ನೌಫಲನಿಗೆ ಸಲಾಂ.

ನಿನ್ನ ಉಮ್ಮ
ರುಖಿಯಮ್ಮ


ಶಾರ್ಜಾ
22 ಡಿಸೆಂಬರ್ 2003

ಉಮ್ಮಾ,

ಪತ್ರ ಸಿಕ್ಕಿತು. ಜೊತೆಗೆ ನೀನು ಕಳಿಸಿದ ಉಪ್ಪಿನಕಾಯಿಯ ಬಾಟಲಿ ಒಡೆದು ಇಬ್ರಾಹಿಂ ಕಾಕನ ಅಂಗಿಗೆಲ್ಲ ಮೆತ್ತಿತ್ತು. ಇನ್ನು ಮುಂದೆ ಕಳಿಸಬೇಡ, ನನಗೆ ನಾಚಿಕೆ ಆಗ್ತದೆ.

ಆಪರೇಷನ್ ಮಾಡಿಸಿಕೊ. ತಡ ಮಾಡಬೇಡ. ನೌಫಲ್ ಆಫೀಸಿನ ಇಂಟರ್‌ನೆಟ್‌ನಲ್ಲಿ ನೋಡಿದರು. ಈ ಸಣ್ಣ ಗಾಯದ ಕ್ರಮದಲ್ಲಿ ಮರುದಿನವೇ ನಡೆಸ್ತಾರಂತೆ. ಮಾಂಸವನ್ನು ಹೆಚ್ಚು ಕೊಯ್ಯದೆ ಬದಿಗೆ ಸರಿಸಿ ಕೆಲಸ ಮುಗಿಸ್ತಾರಂತೆ. ಅಮೆರಿಕದಲ್ಲಿ ಒಬ್ಬಳು ಎರಡು ವಾರದಲ್ಲಿ ಕೆಲಸಕ್ಕೆ ಹೋದಳಂತೆ. ನಿನಗಂತೂ ಐದು ತಿಂಗಳು ಉಂಟು.

ನಿನಗೆ ಹೇಳಬಾರದು ಅಂತಿದ್ದೆ. ಮೂಡುಬಿದಿರೆಯ ಗಂಡನ ಮನೆಯಿಂದ ಮಾಮಿ ಫೋನ್ ಮಾಡಿದ್ದರು. "ನಿನ್ನ ಉಮ್ಮ ಒಂದು ಕಡೆ ಕೂತರೆ ಏಳುವಾಗ ಊರಿನ ಔಲಿಯಾ ಸಂತರನ್ನೆಲ್ಲ ಕರೀತಾಳೆ, ಅವಳು ಬಾಣಂತನ ಮಾಡುವುದುಂಟಾ? ನಾವೇ ಇಲ್ಲಿ ಜನ ಇಟ್ಟು ಮಾಡಿಸುವ" ಅಂದರು. ಹಿಂದಿನಿಂದ ಓರಗಿತ್ತಿ ಸಾಲಿಹಾ ನಗುವುದು ನನಗೆ ಕೇಳಿತು. ಸಾಲಿಹಾಳ ಉಮ್ಮ ಅವಳ ಮಗುವನ್ನು ನಲ್ವತ್ತು ದಿನವೂ ತನ್ನ ಕಾಲ ಮೇಲೆ ಮೀಯಿಸಿದ್ದನ್ನು ಆ ಮನೆಯಲ್ಲಿ ಎರಡು ವರ್ಷದಿಂದ ಹೇಳ್ತಾ ಇದ್ದಾರೆ. ನನಗೆ ಅದಕ್ಕಿಂತ ಕಡಿಮೆ ಆಗಬಾರದು. ಜನ ಇಟ್ಟು ಮೀಯಿಸಿದರೆ ನಾನು ಆ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ.

ನೀನು ಜೀವನದಲ್ಲಿ ನನಗೋಸ್ಕರ ದೊಡ್ಡದು ಎಂತದ್ದೂ ಮಾಡಬೇಕಾಗಿ ಬಂದಿಲ್ಲ. ಇದೊಂದು ಮಾಡು.

ಆಫ್ರಾ


ಬಂಟ್ವಾಳ
30 ಜನವರಿ 2004

ಪ್ರೀತಿಯ ಆಫ್ರಾ,

ಅಲ್‌ಹಮ್ದುಲಿಲ್ಲಾ, ಮುಗಿಯಿತು. ಹದಿನಾಲ್ಕಕ್ಕೆ ಆಯಿತು, ಇಪ್ಪತ್ತೊಂದಕ್ಕೆ ಮನೆಗೆ ಬಂದೆ.

ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಜೀವವೇ ಇಲ್ಲದ ಹಾಗೆ ಮಾಡಿದರು. ಎಚ್ಚರ ಮಾತ್ರ ಇತ್ತು. ಎದುರು ಹಸಿರು ಬಟ್ಟೆ ಕಟ್ಟಿದ್ದರು. ನೋವಿಲ್ಲ, ಆದರೆ ಶಬ್ದ ಉಂಟಲ್ಲ ಮಾರಾಯ್ತಿ! ಗರಗಸದ್ದು, ಮತ್ತೆ ಸುತ್ತಿಗೆಯದ್ದು. ಡಬ್ ಡಬ್ ಅಂತ ಹೊಡೆಯುವಾಗ ನನ್ನ ಹಲ್ಲು ಅಲುಗಾಡುತ್ತಿತ್ತು. ಬೆಳ್ತಂಗಡಿಯ ಆಚಾರಿ ವೆಂಕಪ್ಪ ನಮ್ಮ ಬಾಗಿಲು ಕೂರಿಸಿದ ದಿವಸ ಇದೇ ಶಬ್ದ. ನಾನು ಕಲಿಮಾ ಹೇಳ್ತಾ ಇದ್ದೆ, ಅವರು ಕ್ರಿಕೆಟ್ ಮಾತಾಡ್ತಾ ಇದ್ದರು. ಮರುದಿನ ವಾಕರ್ ಕೊಟ್ಟು ನಡೆಸಿದರು. ಹಳೆಯ ನೋವು ಇಲ್ಲ! ಕೊಯ್ದ ನೋವು ಉಂಟು, ಅದು ಬೇರೆ ಜಾತಿಯದ್ದು. ನಾನು ಅತ್ತೆ, ನರ್ಸ್ ಹೆದರಿದಳು. ನೋವಿಗಲ್ಲ, ಖುಷಿಗೆ ಅಂದೆ.

ಈಗ ಒಂದು ತಮಾಷೆ. ನೋಡಲು ಬಂದವರಿಗೆಲ್ಲ ನನ್ನ ಗಾಯ ನೋಡಿ ನಿರಾಸೆ! ಇಷ್ಟು ದೊಡ್ಡ ಆಪರೇಷನ್ ಅಂತ ಕೇಳಿ ಬಸ್ಸು ಹಿಡಿದು ಬಂದಿದ್ದರು, ಇಲ್ಲಿ ನೋಡಿದರೆ ನಾಲ್ಕು ಬೆರಳು. "ಇಷ್ಟೆಯಾ? ನನ್ನ ಅಪೆಂಡಿಕ್ಸ್ ಇದಕ್ಕಿಂತ ಉದ್ದ" ಅಂದಳು ಒಬ್ಬಳು. ನಿನ್ನ ಬಾಪನ ತಂಗಿಯಂತೂ, "ಇಷ್ಟಕ್ಕೆ ಮಲಗಿದ್ದೀಯಾ ರುಖಿಯಾ, ಎದ್ದು ಚಾ ಮಾಡು" ಅಂದಳು. ನಾನು ವಾಕರ್ ಹಿಡಿದು ಹೋಗಿ ಮಾಡಿಕೊಟ್ಟೆ. ಒಳಗೆ ಎಷ್ಟು ಕತ್ತರಿಸಿದ್ದಾರೆ ಅಂತ ಹೊರಗಿನ ಚರ್ಮ ಹೇಳುವುದಿಲ್ಲ, ಅವರಿಗೆ ಅರ್ಥ ಆಗುವುದೂ ಇಲ್ಲ.

ಮನೆಗೆ ಬರುವಾಗ ಒಂದು ಕಾಗದ ಕೊಟ್ಟಿದ್ದಾರೆ. ಎಲ್ಲ ಇಂಗ್ಲಿಷು, ಒಂದರಿಂದ ಹದಿಮೂರರ ತನಕ ನಂಬರು. ಅದರ ಪ್ರಕಾರ ನಡೆದುಕೊಳ್ಳಿ ಅಂದರು ಡಾಕ್ಟರು. ನರ್ಸ್ ಕೆಳಗೆ ಕೂರಬೇಡಿ ಅಂದಳು. ಎಷ್ಟು ದಿನ ಅಂತ ಕೇಳುವಷ್ಟರಲ್ಲಿ ಬೇರೆ ರೋಗಿಯ ಹತ್ತಿರ ಓಡಿದಳು, ಕಾಗದದಲ್ಲಿ ಉಂಟು ಅಂತ ಬಾಗಿಲಿನಿಂದ ಹೇಳಿದಳು. ಅದರ ಜೆರಾಕ್ಸ್ ಈ ಪತ್ರದ ಒಳಗೆ ಇಟ್ಟಿದ್ದೇನೆ. ಪಕ್ಕದ ಮನೆಯ ರಾಜೀವಿಯ ಮಗಳು ನವ್ಯಾ ಉಜಿರೆ ಕಾಲೇಜಿನಲ್ಲಿ ಇಂಗ್ಲಿಷ್ ಮೀಡಿಯಂ, ಅವಳಿಂದ ಓದಿಸಬಹುದಿತ್ತು. ಆದರೆ ಬಿ.ಕಾಂ. ಓದಿದ ಮಗಳು ನನಗೇ ಇರುವಾಗ ಬೇರೆಯವರ ಮಗಳನ್ನು ಯಾಕೆ ಕೇಳಬೇಕು? ನೀನು ಕನ್ನಡದಲ್ಲಿ ಬರೆದು ಕಳಿಸು. ನೀನು ಬರೆದ ಹಾಗೆಯೇ ನಡೀತೇನೆ.

ನಿನ್ನ ಉಮ್ಮ


ಶಾರ್ಜಾ
19 ಫೆಬ್ರವರಿ 2004

ಉಮ್ಮಾ,

ನನಗೆ ದಿನಾ ವಾಂತಿ, ಆದರೂ ಕೂತು ಬರೀತಾ ಇದ್ದೇನೆ. ಕಾಗದದಲ್ಲಿ ಇರುವುದು ಇಷ್ಟು.

ಒಂದು, ಗಾಯ ಒದ್ದೆ ಮಾಡಬಾರದು. ಎರಡು, ಜ್ವರ ಬಂದರೆ ಅಥವಾ ಕೀವು ಬಂದರೆ ಕೂಡಲೇ ಆಸ್ಪತ್ರೆಗೆ. ಮೂರು, ರಕ್ತ ಹೆಪ್ಪುಗಟ್ಟದ ಹಾಗೆ ಪಾದ ಆಡಿಸ್ತಾ ಇರಬೇಕು, ಮಾತ್ರೆ ಬಿಡಬಾರದು. ನಾಲ್ಕು, ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಐದು, ಕಾಲ ಮೇಲೆ ಕಾಲು ಹಾಕಬಾರದು. ಆರು, ವಾಕರ್ ಆದ ಮೇಲೆ ಕೋಲು, ಕೋಲು ಎದುರು ಬದಿಯ ಕೈಯಲ್ಲಿ. ಏಳನೆಯದನ್ನು ಬರೆದು ಗೀಚಿ ಅಳಿಸಿದ್ದೇನೆ, ನೋಡಬೇಡ, ಅದು ನಿನಗೆ ಬೇಡದ್ದು. ಬಾಪನ ಎದುರು ಫೋನಿನಲ್ಲಿ ಅದರ ಸುದ್ದಿ ಎತ್ತಲೂ ಬೇಡ. ಎಂಟು, ಎತ್ತರದ ಕಮೋಡ್. ಒಂಬತ್ತು, ಬಿದ್ದದ್ದನ್ನು ಬಗ್ಗಿ ಹೆಕ್ಕಬಾರದು. ಹತ್ತು, ಹಲ್ಲು ಕೀಳಿಸುವ ಮೊದಲು ಈ ಡಾಕ್ಟರಿಗೆ ಹೇಳಬೇಕು. ಹನ್ನೊಂದು, ದಪ್ಪ ಆಗಬಾರದು. ಹನ್ನೆರಡು, ದಿನಕ್ಕೆ ಎರಡು ಸಲ ಕಾಲಿನ ವ್ಯಾಯಾಮ. ಹದಿಮೂರು, ಆರು ವಾರಕ್ಕೆ ತೋರಿಸಬೇಕು.

ಕೆಳಗೆ ಕೂರುವುದರ ಬಗ್ಗೆ ಕೇಳಿದ್ದಿ. ಬಗ್ಗುವುದು, ಕೂರುವುದು, ಕಮೋಡ್, ಎಲ್ಲ ನಲ್ವತ್ತು ದಿನದ ಮಾತು. ಸಣ್ಣ ಗಾಯದವರಿಗೆ ಅಷ್ಟೂ ಬೇಡವಂತೆ. ಆಮೇಲೆ ನಿಧಾನಕ್ಕೆ ಅಭ್ಯಾಸ ಮಾಡು. ಅಭ್ಯಾಸ ಮಾಡದಿದ್ದರೆ ಕೀಲು ಗಟ್ಟಿಯಾಗಿ ಮತ್ತೆ ಕೂರಲು ಆಗುವುದೇ ಇಲ್ಲವಂತೆ.

ಮಾಮಿಗೆ ನಿನ್ನ ಆಪರೇಷನ್ ವಿಷಯ ಹೇಳಿಲ್ಲ, ಉಳುಕಿತ್ತು, ಸರಿ ಆಗಿದೆ ಅಂದಿದ್ದೇನೆ. ನೀನೂ ಹಾಗೆಯೇ ಹೇಳು.

ಆಫ್ರಾ


ಬಂಟ್ವಾಳ
14 ಮಾರ್ಚ್ 2004

ನನ್ನ ಬುದ್ಧಿವಂತ ಮಗಳಿಗೆ,

ನಿನ್ನ ಪತ್ರವನ್ನು ಕುರ್‌ಆನಿನ ಕಪಾಟಿನಲ್ಲಿ ಇಟ್ಟಿದ್ದೇನೆ. ದಿನಾ ಒಂದೊಂದು ನಂಬರು ನೋಡಿ ನಡೀತೇನೆ. ನಿನ್ನ ಬಾಪ ಪ್ಲಾಸ್ಟಿಕ್ಕಿನ ಕಮೋಡ್ ಕುರ್ಚಿ ತಂದರು. ಅದನ್ನು ಪೇಟೆಯಲ್ಲಿ ತಲೆ ಮೇಲೆ ಹೊತ್ತು ತಂದದ್ದಕ್ಕೆ ಜನ ನಕ್ಕರಂತೆ, ಮೂರು ದಿನ ನನ್ನ ಹತ್ತಿರ ಮಾತಿಲ್ಲ.

ಏಳನೇ ನಂಬರು! ನೀನು ಎಂತ ಅಂದುಕೊಂಡಿದ್ದಿ, ನಿನ್ನ ಉಮ್ಮ ಪೆದ್ದಿ ಅಂತಲಾ? ಏನದು ಅಂತ ನನಗೆ ಗೊತ್ತಾಯಿತು. ಗಂಡ ಹೆಂಡತಿಯ ವಿಷಯ ತಾನೇ? ದೊಡ್ಡಾಸ್ಪತ್ರೆಯವರು ಅದನ್ನೂ ನಾಚಿಕೆ ಇಲ್ಲದೆ ಅಚ್ಚು ಹಾಕಿ ಕೊಡ್ತಾರೆ ಅಂತ ರಾಜೀವಿಯ ಅಕ್ಕನ ಆಪರೇಷನ್ ಆದಾಗಲೇ ಕೇಳಿದ್ದೆ. ಪಾಪ, ಮಗಳು ಉಮ್ಮನಿಗೆ ಅದನ್ನು ಹೇಗೆ ಬರೆಯುವುದು? ಎಷ್ಟು ಗೀಚಿದ್ದೀ, ಶಾಯಿ ಹಿಂದಿನ ಬದಿಗೂ ಇಳಿದಿದೆ. ನಾನು ಬೆಳಕಿಗೆ ಹಿಡಿದು ನೋಡಲಿಲ್ಲ. ನವ್ಯಾಳ ಕೈಗೆ ಇಂಗ್ಲಿಷ್ ಕಾಗದ ಕೊಡಲೂ ಇಲ್ಲ, ಮದುವೆ ಆಗದ ಹುಡುಗಿ. ನಿನ್ನ ಬಾಪನಿಗೆ ಅರವತ್ತಮೂರು, ಅವರಿಗೆ ಆ ನಂಬರಿನ ಉಪದೇಶ ಬೇಕಾಗಿಯೂ ಇಲ್ಲ ಬಿಡು.

ಆರು ವಾರಕ್ಕೆ ತೋರಿಸಿದೆವು. ಡಾಕ್ಟರು ಎಕ್ಸ್‌ರೇ ನೋಡಿ, "ಚಂದ ಕೂತಿದೆ. ಕಾಗದದಲ್ಲಿ ಇದ್ದ ಹಾಗೆ ಮಾಡ್ತಾ ಇದ್ದೀರಲ್ಲ?" ಅಂದರು. ಒಂದೂ ಬಿಟ್ಟಿಲ್ಲ ಅಂದೆ. ಹೊರಗೆ ಇನ್ನೂ ಇಪ್ಪತ್ತು ಜನ ಇದ್ದರು.

ನಲ್ವತ್ತು ಕಳೆದ ಮೇಲೆ ನೆಲದಲ್ಲಿ ಕೂರಲು ಶುರು ಮಾಡಿದೆ. ಮೊದಲ ದಿನ ನಮಾಝಿನ ಸುಜೂದಿಗೆ ಹಣೆ ನೆಲಕ್ಕೆ ತಾಗಿದಾಗ ಏಳಲು ಮನಸ್ಸೇ ಬರಲಿಲ್ಲ. ವೆಂಕಪ್ಪನಿಂದ ಹೊಸ ಮಣೆ ಮಾಡಿಸಿದ್ದೇನೆ, ಹಲಸಿನ ಮರದ್ದು, ಮೂಲೆ ಎಲ್ಲ ಉರುಟು. ದಿಂಬನ್ನು ಕಾಲ ಮೇಲೆ ಮಲಗಿಸಿ ಮೀಯಿಸುವ ಅಭ್ಯಾಸ ಮಾಡ್ತೇನೆ. ರಾಜೀವಿ ನೋಡಿ ಹೊಟ್ಟೆ ಹಿಡಿದು ನಕ್ಕಳು. ಮುಂದೆ ಬಗ್ಗುವಾಗ ಒಳಗೆ ಒಮ್ಮೊಮ್ಮೆ ಟಕ್ ಅಂತದೆ. ಅದು ಎಂತ ಅಂತ ನೌಫಲನ ಇಂಟರ್‌ನೆಟ್‌ನಲ್ಲಿ ನೋಡು.

ನಿನ್ನ ಉಮ್ಮ


ಶಾರ್ಜಾ
5 ಏಪ್ರಿಲ್ 2004

ಉಮ್ಮಾ,

ಟಕ್ ಅನ್ನುವುದು ಹೊಸ ಕೀಲು ಪಳಗುವ ಶಬ್ದ. ಹೊಸ ಚಪ್ಪಲಿ ಕಿರುಗುಟ್ಟುವುದಿಲ್ಲವಾ? ಡಾಕ್ಟರನ್ನು ಕೇಳಲು ಹೋಗಬೇಡ, ಸುಮ್ಮನೆ ಇನ್ನೊಂದು ಎಕ್ಸ್‌ರೇ ಬರೀತಾರೆ.

ಏಳನೆಯದ್ದರ ಬಗ್ಗೆ ನೀನು ಊಹಿಸಿದ್ದು ಸರಿ. ಇನ್ನು ಆ ಮಾತು ಬೇಡ.

ಏಪ್ರಿಲ್ ಇಪ್ಪತ್ತೇಳಕ್ಕೆ ಬರ್ತೇನೆ. ಮೊದಲು ಮೂಡುಬಿದಿರೆ, ಮೇ ಕೊನೆಗೆ ನಿನ್ನಲ್ಲಿಗೆ. ಮಾಮಿ ಮತ್ತು ಸಾಲಿಹಾ ಬಿಟ್ಟು ಹೋಗಲು ಬರುವಾಗ ವಾಕರ್, ಕೋಲು, ಕಮೋಡ್ ಕುರ್ಚಿ ಎಲ್ಲ ರಾಜೀವಿಯ ಮನೆಗೆ ಸಾಗಿಸು. ಕುಂಟಬೇಡ. ಕುಂಟು ಬಂದರೆ ನಿಂತಲ್ಲೇ ನಿಲ್ಲು.

ಆಫ್ರಾ


ಬಂಟ್ವಾಳ
28 ಜುಲೈ 2004

ಪ್ರೀತಿಯ ಆಫ್ರಾ,

ಮೂಡುಬಿದಿರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಸಾಲಿಹಾ ಎತ್ತಿ ಆಫ್ರಾ ಮಲಗಿದ್ದಾಳೆ ಅನ್ನುತ್ತಾಳೆ. ನಾಲ್ಕು ವಾರದಿಂದ ನೀನು ಮಲಗಿಯೇ ಇದ್ದೀ.

ನನಗೇನೂ ಆಗಿಲ್ಲ. ಮಂಗಳೂರಿಗೆ ಒಯ್ದು, ಮಂಪರು ಕೊಟ್ಟು, ಕಾಲು ಎಳೆದು ಉಂಡೆಯನ್ನು ಗುಳಿಗೆ ಕೂರಿಸಿದರು. ಮೊನ್ನೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಪುನಃ ಜಾರಿತು, ಪುನಃ ಕೂರಿಸಿದರು. ಈಗ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ.

ಆ ದಿನದ್ದು ನೀನು ಒಳಗಿದ್ದೆ, ಪೂರ್ತಿ ಗೊತ್ತಿಲ್ಲ, ಅದಕ್ಕೆ ಬರೀತೇನೆ. ರಾಫಿಯಾ ಹುಟ್ಟಿ ಹತ್ತೊಂಬತ್ತನೇ ದಿನ. ಮಗುವನ್ನು ಕವುಚಿ ಮಲಗಿಸಿ ಬೆನ್ನಿಗೆ ನೀರು ಹಾಕಿದೆ. ಅದು ಹಕ್ಕಿಯ ಹಾಗೆ ಚಿಂವ್ ಅಂತ ಮಾಡಿತು. ಎಡಗಡೆ ದೂರದಲ್ಲಿದ್ದ ಚೊಂಬಿಗೆ ಬಗ್ಗಿ ಕೈ ಚಾಚಿದೆ. ಟಕ್ ಅಲ್ಲ, ಮರ ಮುರಿದ ಶಬ್ದ. ಕಾಲು ಒಳಗೆ ತಿರುಗಿತು. ಕಣ್ಣು ಕತ್ತಲೆ ಬಂತು. ಪಕ್ಕದಲ್ಲೇ ಹಂಡೆ ಕುದಿಯುತ್ತಿತ್ತು. ನಾನು ಮಗುವನ್ನು ಬಿಡಲಿಲ್ಲ ಆಫ್ರಾ. ಎರಡು ಕೈಯಲ್ಲಿ ಮೇಲೆ ಎತ್ತಿ ಹಿಡಿದು ಬೊಬ್ಬೆ ಹೊಡೆದೆ. ಸೋಪಿನ ಮಗು ಜಾರುತ್ತದೆ, ಅದಕ್ಕೆ ಉಗುರು ಊರಿ ಹಿಡಿದಿದ್ದೆ. ಬೆನ್ನಿನಲ್ಲಿ ಗುರುತು ಇದ್ದರೆ ನನ್ನದೇ, ಕೊಬ್ಬರಿ ಎಣ್ಣೆ ಹಚ್ಚು.

ನೀನು ಬಂದೆ. ಮಗುವನ್ನು ತೆಗೆದುಕೊಂಡೆ, ಟವೆಲು ಸುತ್ತಿದೆ. ಆಗಲೇ ಅಂಗಳದಲ್ಲಿ ನಿನ್ನ ಮಾಮಿ ಬೀಯಮ್ಮನ ಕಾರಿನ ಹಾರ್ನ್ ಕೇಳಿತು, ಮಗು ನೋಡಲು ಬಂದದ್ದು. ನೀನು ಬಚ್ಚಲಿನ ಬಾಗಿಲು ಎಳೆದುಕೊಂಡೆ. ಯಾಕೆ ಎಳೆದುಕೊಂಡೆ ಅಂತ ಎಷ್ಟೋ ಸಲ ಯೋಚಿಸಿದೆ. ಮಗುವಿಗೆ ಗಾಳಿ ತಾಗಬಾರದು ಅಂತ ಇರಬೇಕು. ಆಮೇಲೆ ಕಾರು ಹೋದ ಶಬ್ದ ಬಂತು, ನೀನೂ ಮಗುವೂ ಅದರಲ್ಲೇ ಹೋಗಿದ್ದಿರಿ. ರಾಜೀವಿ ಬಂದು ಬಾಗಿಲು ತೆರೆಯುವಾಗ ಹಂಡೆಯ ನೀರು ಆರಿತ್ತು.

ಸೋಪಿನಲ್ಲಿ ಜಾರಿದೆ ಅಂತ ನಿನ್ನ ಬಾಪನಿಗೆ ಹೇಳಿದ್ದೇನೆ. ಮಗುವಿನ ನಲ್ವತ್ತಕ್ಕೆ ಕರೆಯಲಿಲ್ಲ, ಇರಲಿ. ಹೊರಡುವ ಮೊದಲು ಒಮ್ಮೆ ರಾಫಿಯಾಳನ್ನು ತೋರಿಸು. ಮುಟ್ಟುವುದಿಲ್ಲ, ದೂರದಿಂದ ನೋಡ್ತೇನೆ.

ನಿನ್ನ ಉಮ್ಮ


ಮೂಡುಬಿದಿರೆ
9 ಆಗಸ್ಟ್ 2004

ಉಮ್ಮಾ,

ಗುರುತು ಉಂಟು. ಎರಡು ಬದಿಯಲ್ಲೂ. ಮಗುವನ್ನು ನೋಡಲು ಬಂದವರೆಲ್ಲ ಇದು ಎಂತದ್ದು ಅಂತ ಕೇಳ್ತಾರೆ, ನಾನು ಎಷ್ಟು ಜನರಿಗೆ ಉತ್ತರ ಕೊಡಲಿ?

ಈಗ ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. "ಕಬ್ಬಿಣ ಹಾಕಿಸಿಕೊಂಡವಳ ಕಾಲ ಮೇಲೆ ಹಸಿ ಮಗುವನ್ನು ಮಲಗಿಸಿದ್ದಾ?" ಅಂತ ಮಾಮಿ ನನ್ನ ಮುಖಕ್ಕೇ ಕೇಳಿದರು. ಸಾಲಿಹಾ ಹೇಳುವುದಕ್ಕೆ ಇನ್ನು ಹತ್ತು ವರ್ಷಕ್ಕೆ ಸಾಕು. ನಿನ್ನ ಶರೀರ ನಿನಗೆ ಗೊತ್ತಿರಬೇಕಿತ್ತು. ಆಗದಿದ್ದರೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಚೊಂಬನ್ನು ಹತ್ತಿರ ಇಟ್ಟುಕೊಳ್ಳಲು ಯಾವ ಬಿ.ಕಾಂ. ಬೇಕು? ಮಗು ಹಂಡೆಗೆ ಬಿದ್ದಿದ್ದರೆ ನೌಫಲನಿಗೆ ನಾನು ಎಂತ ಹೇಳುತ್ತಿದ್ದೆ?

ಇಪ್ಪತ್ತಕ್ಕೆ ಹೊರಡ್ತೇನೆ. ರೋಗಿ ಇರುವ ಕೋಣೆಗೆ ಎಳೆ ಮಗುವನ್ನು ತರಬಾರದು ಅಂತ ಮಾಮಿ ಹೇಳಿದರು, ನನಗೂ ಅದೇ ಸರಿ ಅನಿಸ್ತದೆ.

ಆ ಆಸ್ಪತ್ರೆಯ ಕಾಗದ, ನಾನು ಬರೆದ ಪತ್ರ, ಎಲ್ಲ ಹಳತಾಯಿತು. ಇಟ್ಟುಕೊಂಡು ಎಂತ ಮಾಡ್ತೀ, ಒಲೆಗೆ ಹಾಕು.

ಆಫ್ರಾ


ಬಂಟ್ವಾಳ
17 ಜನವರಿ 2005

ಆಫ್ರಾಳಿಗೆ,

ಐದು ತಿಂಗಳು ಬರೆಯಲಿಲ್ಲ, ನೀನೂ ಕೇಳಲಿಲ್ಲ.

ಕೀಲು ಮತ್ತೂ ಎರಡು ಸಲ ತಪ್ಪಿತು. ಗುಳಿಗೆ ಕೂರಿಸಿದ ಬಟ್ಟಲು ವಾಲಿತ್ತಂತೆ. ನವೆಂಬರಿನಲ್ಲಿ ಎಲ್ಲ ಕಿತ್ತು ಹೊಸದು ಹಾಕಿದರು. ಈ ಸಲ ನಾಲ್ಕು ಬೆರಳಲ್ಲ, ಗೇಣಿಗಿಂತ ಉದ್ದ. ಈಗ ಬಂದವರಿಗೆಲ್ಲ ನೋಡಿ ತೃಪ್ತಿ. ಎಡಗಾಲು ಒಂದು ಇಂಚು ಗಿಡ್ಡ ಆಗಿದೆ. ನಿನ್ನ ಬಾಪ ಅಂಗಡಿಯ ಹುಡುಗರಿಗೆ ಬಿಡದೆ ತಾವೇ ಕೂತು ನನ್ನ ಎಡಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹೊಲಿದರು. ಹೊಲಿಯುವಾಗ ಅತ್ತರು. ಮೂವತ್ತು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿರಲಿಲ್ಲ. ನಮಾಝ್ ಇನ್ನು ಸಾಯುವ ತನಕ ಕುರ್ಚಿಯಲ್ಲೇ.

ಎರಡನೇ ಆಪರೇಷನಿನ ಮುಂಚೆ ಡಾಕ್ಟರು ನನಗೆ ಜೋರು ಮಾಡಿದರು. "ಅಮ್ಮ, ಕಾಗದದಲ್ಲಿ ಏಳನೆಯದು ಓದಲಿಲ್ವಾ ನೀವು? ಎಲ್ಲದಕ್ಕಿಂತ ಮುಖ್ಯ ಅದು!" ನನಗೆ ಮುಖ ಕೆಂಪಾಯಿತು. ಅದು ಗಂಡ ಹೆಂಡತಿಯ ವಿಷಯ ಅಲ್ವಾ ಡಾಕ್ಟ್ರೇ, ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಏಳನೆಯದನ್ನು ಮೆಲ್ಲ ಕನ್ನಡದಲ್ಲಿ ಹೇಳಿದರು.

ನೀನು ಒಲೆಗೆ ಹಾಕು ಅಂದದ್ದನ್ನು ನಾನು ಹಾಕಿರಲಿಲ್ಲ. ಮನೆಗೆ ಬಂದು ನಿನ್ನ ಪತ್ರವನ್ನು ಬೆಳಿಗ್ಗೆಯ ಬಿಸಿಲಿಗೆ ಕಿಟಕಿಯಲ್ಲಿ ಹಿಡಿದೆ. ಗೀಚಿದ್ದರ ಅಡಿಯಲ್ಲಿ ನಿನ್ನ ಉರುಟು ಅಕ್ಷರ ಸ್ಪಷ್ಟ ಕಾಣ್ತದೆ. "ಏಳು, ಜೀವ ಇರುವ ತನಕ ನೆಲದಲ್ಲಾಗಲಿ ಮಣೆಯಲ್ಲಾಗಲಿ ಕೂರಬಾರದು, ಕೂತು ಬಗ್ಗಿದರೆ ಕೀಲು ತಪ್ಪುತ್ತದೆ." ಆಮೇಲೆ ನವ್ಯಾಳಿಂದ ಇಂಗ್ಲಿಷ್ ಕಾಗದವನ್ನೂ ಓದಿಸಿದೆ. ಅದರಲ್ಲಿ ನೆಲ ಅಂತ ಉಂಟು, ತಗ್ಗಿನ ಸೀಟು ಅಂತ ಉಂಟು. ಮಣೆ ಅಂತ ಇಲ್ಲ. ಮಣೆಯನ್ನು ನೀನೇ ಸೇರಿಸಿದ್ದು, ಉಮ್ಮನಿಗೆ ಸರಿಯಾಗಿ ಅರ್ಥ ಆಗಲಿ ಅಂತ. ಅಷ್ಟು ಕಾಳಜಿಯಿಂದ ಬರೆದು, ಆಮೇಲೆ ಗೀಚಿದ್ದೀ.

ನಿನ್ನ ಬಾಪನಿಗೆ ಈಗಲೂ ಸೋಪು ಅಂತಲೇ ಗೊತ್ತಿರುವುದು. ನಾನು ನಿನ್ನಲ್ಲಿ ಕೇಳುವುದು ಒಂದೇ. ಆ ಸಾಲನ್ನು ಇನ್ನೊಮ್ಮೆ ಬರೆದು ಕಳಿಸು. ಕ್ಷಮಾಪಣೆ ಬೇಡ, ಕಾರಣ ಬೇಡ. ಆ ಒಂದು ಸಾಲು, ಗೀಚದೆ.

ರುಖಿಯಮ್ಮ


ಶಾರ್ಜಾ
11 ಏಪ್ರಿಲ್ 2005

ಉಮ್ಮಾ,

ಬರೆದದ್ದೂ ನಾನೇ, ಗೀಚಿದ್ದೂ ನಾನೇ. ಇನ್ನು ಸುಳ್ಳು ಹೇಳಿ ಎಂತ ಪ್ರಯೋಜನ?

ಆದರೆ ನೀನೂ ಸತ್ಯ ಹೇಳು. ನೀನು ಪತ್ರವನ್ನು ಬೆಳಕಿಗೆ ಹಿಡಿಯಲು ಹತ್ತು ತಿಂಗಳು ಬೇಕಾಯಿತಾ? ನರ್ಸ್ ಕೆಳಗೆ ಕೂರಬೇಡಿ ಅಂದದ್ದು ನಿನಗೆ ಕೇಳಿತ್ತು. ಟಕ್ ಅಂದದ್ದು ನಿನ್ನ ಸೊಂಟದಲ್ಲಿ, ನನ್ನ ಸೊಂಟದಲ್ಲಿ ಅಲ್ಲ. ನಾಚಿಕೆ, ಮರ್ಯಾದೆ ಅಂತೆಲ್ಲ ಹೇಳಬೇಡ. ನಿನಗೂ ಮಣೆಯಲ್ಲಿ ಕೂರಬೇಕಿತ್ತು. ಮಾಮಿಯ ಎದುರು ಗೆಲ್ಲಬೇಕು ಅಂತ ನಿನಗೂ ಇತ್ತು. ನಾನು ಗೀಚಿದೆ, ನೀನು ನೋಡಲಿಲ್ಲ. ಇಬ್ಬರೂ ಸೇರಿ ಮಾಡಿದ ಕೆಲಸಕ್ಕೆ ನನ್ನೊಬ್ಬಳ ಕೈಯಿಂದ ಸಾಲು ಬರೆಸಿಕೊಳ್ಳಬೇಡ. ನಾನು ಬರೆಯುವುದಿಲ್ಲ.

ಇನ್ನೊಂದು ವಿಷಯ. ಅಕ್ಟೋಬರಿಗೆ ನನಗೆ ಎರಡನೆಯದ್ದು. ಈ ಸಲ ಹೆರಿಗೆ ಮೂಡುಬಿದಿರೆಯಲ್ಲಿ, ಮಾಮಿಯೇ ಮೀಯಿಸ್ತಾರಂತೆ. ಸಾಲಿಹಾಳ ಮಗುವನ್ನು ಅವರು ಮುಟ್ಟಿರಲಿಲ್ಲ, ನನ್ನದಕ್ಕೆ ಒಪ್ಪಿದ್ದಾರೆ. ನಿನ್ನ ಆ ಹಲಸಿನ ಮಣೆಯನ್ನು ಅವರು ನನ್ನನ್ನು ಬಿಡಲು ಬಂದ ದಿನ ನೋಡಿದ್ದರಂತೆ, ಅಷ್ಟು ಚಂದದ್ದು ಈಗ ಸಿಗುವುದಿಲ್ಲ ಅಂದರು. ನಿನಗೆ ಹೇಗೂ ಇನ್ನು ಉಪಯೋಗ ಇಲ್ಲ. ಬಾಪನ ಕೈಯಲ್ಲಿ ಮೂಡುಬಿದಿರೆಗೆ ಕಳಿಸಿಕೊಡು.

ಆಫ್ರಾ


ಬಂಟ್ವಾಳ
6 ಮೇ 2005

ಆಫ್ರಾ,

ನೀನು ಹೇಳಿದ್ದು ಸರಿ. ಬೆಳಕಿಗೆ ಹಿಡಿದರೆ ಕಾಣ್ತದೆ ಅಂತ ನನಗೆ ಗೊತ್ತಿತ್ತು. ಒಮ್ಮೆ ಹಿಡಿಯಲು ಎತ್ತಿದ್ದೆ ಕೂಡ. ಆಮೇಲೆ ಮಡಚಿ ಇಟ್ಟೆ. ನನಗೆ ಮಗುವನ್ನು ಮೀಯಿಸಬೇಕಿತ್ತು. ಹದಿನೆಂಟು ದಿನ ಮೀಯಿಸಿದೆ. ಅಷ್ಟಕ್ಕೆ ಒಂದು ಕಾಲು ಹೋಯಿತು, ವ್ಯಾಪಾರ ದುಬಾರಿ ಅಂತ ನಾನು ಅಳುವುದಿಲ್ಲ. ಆದರೆ ನಾನು ಕಣ್ಣು ಮುಚ್ಚಿದ್ದು ನನ್ನ ಕಾಲಿಗೆ. ನೀನು ಬಾಗಿಲು ಮುಚ್ಚಿದ್ದು ನಿನ್ನ ಉಮ್ಮನ ಮೇಲೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಮಣೆ ನಿನ್ನೆ ಕಳಿಸಿದೆ. ಕಳಿಸುವ ಮೊದಲು ವೆಂಕಪ್ಪನನ್ನು ಬೆಳ್ತಂಗಡಿಯಿಂದ ಕರೆಸಿ, ಮಣೆಯ ಅಡಿಯಲ್ಲಿ ಆ ಸಾಲನ್ನು ಉಳಿಯಿಂದ ಕೆತ್ತಿಸಿದೆ. ನೀನು ಬರೆಯುವುದಿಲ್ಲ ಅಂದಿಯಲ್ಲ, ಅದಕ್ಕೆ. ಮೇಲೆ ಏಳು ಅಂತ ನಂಬರು, ಕೆಳಗೆ ನಿನ್ನ ಹೆಸರು, ನೀನು ಪತ್ರ ಬರೆದ ತಾರೀಕು. ಅವನು ಇದು ಎಂತ ಉಮ್ಮಾ ಅಂತ ಕೇಳಿದ, ಮಗಳ ಉಡುಗೊರೆ ಅಂದೆ. ಮಗುವನ್ನು ಮೀಯಿಸಿದ ಮೇಲೆ ಮಣೆಯನ್ನು ಕವುಚಿ ಗೋಡೆಗೆ ಒರಗಿಸಿ ಒಣಗಲು ಇಡ್ತಾರೆ, ನಿನಗೆ ಗೊತ್ತುಂಟು. ದಿನಾ ಇಡ್ತಾರೆ. ಬೀಯಮ್ಮನಿಗೂ ಸಾಲಿಹಾಳಿಗೂ ಕನ್ನಡ ಚಂದ ಓದಲು ಬರ್ತದೆ. ಹಲಸಿನ ಮರ, ಗೀಚಿದರೆ ಹೋಗುವುದಿಲ್ಲ.

ಬೀಯಮ್ಮನಿಗೂ ಈಗ ಸೊಂಟ ನೋವು ಶುರುವಾಗಿದೆ ಅಂತ ನಿನ್ನ ಬಾಪ ಹೇಳಿದರು. ಮಣೆಯಿಂದ ಏಳುವಾಗ ಗೋಡೆ ಹಿಡೀತಾಳಂತೆ. ಆಸ್ಪತ್ರೆಯ ಕಾಗದ ಓದಿ ಹೇಳಲು ಓದಿದ ಸೊಸೆ ಇದ್ದಾಳೆ, ಅವಳ ಪುಣ್ಯ.

ರಾಫಿಯಾ ನಡೆಯಲು ಶುರು ಮಾಡಿರಬೇಕು. ಅವಳಿಗೆ ಬೇಗ ಓದು ಕಲಿಸು, ಚೆನ್ನಾಗಿ ಕಲಿಸು. ಆದರೆ ಮುಂದೆ ನಿನಗೆ ವಯಸ್ಸಾಗಿ ಯಾವುದಾದರೂ ಡಾಕ್ಟರು ಕಾಗದ ಕೊಟ್ಟರೆ ಅದನ್ನು ಅವಳ ಕೈಗೆ ಕೊಡಬೇಡ. ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಓದಿಸು.

ರುಖಿಯಮ್ಮ